‘ಎಂಟ್ಯಾಂಗಲ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ? ಇವತ್ತು ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಫಿಸಿಕ್ಸ್ ಕೊನೇ ವರ್ಷ ಓದುತ್ತಿದ್ದೇನೆ. ಶನಿವಾರ ಶಾಲೆ ಮಕ್ಕಳಿಗೆ ವಿಜ್ಞಾನ ಪ್ರದರ್ಶನ ಇದೆ. ಕ್ವಾಂಟಂ ಎಂಟ್ಯಾಂಗಲ್‌ಮೆಂಟ್ ಫಲಕ ನನ್ನ ಪಾಲಿಗೆ ಬಂದಿದೆ. ಅಂದರೆ ಎರಡು ಕಣಗಳು ದೂರ ಹೋದರೂ ಜೋಡಿಗೆ ಸೇರಿ ಒಂದೇ ಸ್ಥಿತಿ ಇರುವುದು. ಫ್ಲೆಕ್ಸ್ ಅಂಗಡಿಯವರು ಐದು ಗಂಟೆಯೊಳಗೆ ಬರಹ ಕೇಳಿದ್ದಾರೆ. ‘ಸಿಕ್ಕು’, ‘ಹೆಣಿಗೆ’, ‘ತಳಕು’ ಮೂರನ್ನೂ ಬರೆದು ನೋಡಿದೆ. ನನಗೆ ‘ಹೆಣಿಗೆ’ ಇಷ್ಟ. ಬರುವ ಮಕ್ಕಳಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರೂ ಅರೆಭಾಷೆಯವರೂ ಇದ್ದಾರೆ. ಓದಿದ ಕೂಡಲೇ ಹಿಡಿಯುವ ಪದ ಬೇಕು.
(ಮಡಿಕೇರಿ)

ತಂಗಿ, ‘ಸಿಕ್ಕು’ ಬೇಡ. ಅದು ಬಿಡಿಸಬೇಕಾದ ತೊಂದರೆ. ‘ಹೆಣಿಗೆ’ಯೂ ಆಗದು. ಬುಟ್ಟಿ ಬಿಚ್ಚಿದರೆ ಬಿದಿರಿನ ಸೀಳು ಮೊದಲಿನಂತೆಯೇ ಸೀಳು. ನಿಮ್ಮ ಕಣಗಳು ಹಾಗಲ್ಲ ಅಲ್ವಾ?

‘ತಳಕು’ ಬರೆಯಿರಿ. ‘ತಳುಕು’ ಅಲ್ಲ, ಅದು ಹೊಳಪಿನ ಮಾತು, ತಳುಕು ಬಳುಕು. 1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಇದಕ್ಕೆ ಜರ್ಮನ್‌ನಲ್ಲಿ ಇಟ್ಟ ಹೆಸರು ‘ಫರ್‌ಶ್ರೆಂಕುಂಗ್’. ಎದೆ ಮೇಲೆ ಕೈ ಕಟ್ಟಿ ನಿಲ್ಲುವುದಕ್ಕೆ ಜರ್ಮನರು ಹೇಳುವ ಕ್ರಿಯಾಪದ ಅದರ ಬುಡ. ನಮ್ಮ ಹಳಗನ್ನಡದ ‘ತಳ್ಕೈಸು’ ಅಂದರೆ ಅಪ್ಪಿಕೊಳ್ಳು. ಎರಡರಲ್ಲೂ ತೋಳಿದೆ! ಇಂಗ್ಲಿಷ್ ಪದದಲ್ಲಿ ಬಲೆಗೆ ಬಿದ್ದ ಅರ್ಥ ಜಾಸ್ತಿ. ಅದನ್ನು ನೋಡಿ ಅನುವಾದ ಮಾಡುವವರೇ ‘ಸಿಕ್ಕು’ ಅನ್ನುವುದು.
(ವಿರಾಜಪೇಟೆ)

ಸರ್, ಹಳಗನ್ನಡ ಅಗೆದರೆ ಫಲಕ ಆಗಲ್ಲ. ಅಪ್ಪಿಕೊಳ್ಳಲು ಹತ್ತಿರ ಇರಬೇಕು. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ನಡೆದ ಪ್ರಯೋಗದಲ್ಲಿ ಎರಡು ಎಲೆಕ್ಟ್ರಾನ್‌ಗಳ ನಡುವೆ 1.3 ಕಿಲೋಮೀಟರ್ ಇತ್ತು. 2017ರಲ್ಲಿ ಚೀನಾದವರು ಉಪಗ್ರಹದಿಂದ ಜೋಡಿ ಫೋಟಾನ್ (ಬೆಳಕಿನ ಕಣ) ಕಳಿಸಿದ ಎರಡು ಕೇಂದ್ರಗಳ ನಡುವೆ ಸುಮಾರು 1,200 ಕಿಲೋಮೀಟರ್. ‘ತಳಕು’ ಅಂದರೆ ಮಕ್ಕಳು ನಡುವೆ ದಾರ ಹುಡುಕುತ್ತಾರೆ. ಎಂಟ್ಯಾಂಗಲ್‌ಮೆಂಟ್ ಅಂತಲೇ ಹಾಕಿ. ಕಾಫಿ ತೋಟದಲ್ಲಿ ಪಲ್ಪರ್, ಪಾರ್ಚ್‌ಮೆಂಟ್, ಚೆರ್ರಿ ಅನ್ನುತ್ತೇವೆ. ಯಾರಿಗೆ ಅರ್ಥವಾಗಿಲ್ಲ? ಕಾಫಿ ಅನ್ನೋ ಪದವೇ ಹೊರಗಿನದು.
(ಸೋಮವಾರಪೇಟೆ)

ಪಲ್ಪರ್ ಒಂದು ಯಂತ್ರ. ಯಂತ್ರದ ಜೊತೆ ಹೆಸರೂ ಬಂತು, ಇರಲಿ. ಕ್ವಾಂಟಂ ಇರಲಿ, ಫೋಟಾನ್ ಇರಲಿ, ನನಗೆ ಜಗಳವಿಲ್ಲ. ಆದರೆ ಎಂಟ್ಯಾಂಗಲ್‌ಮೆಂಟ್ ವಸ್ತುವಲ್ಲ, ಆಗುವ ಸಂಗತಿ. ಹಣ್ಣು ಕುಯ್ಯುತ್ತೇವೆ, ಅಂಗಳದಲ್ಲಿ ಹರಡುತ್ತೇವೆ, ಮೆಣಸಿನ ಬಳ್ಳಿ ಮರಕ್ಕೆ ಹಬ್ಬಿಸುತ್ತೇವೆ. ಕೆಲಸಕ್ಕೆ ಬಂದಾಗ ಬಾಯಲ್ಲಿ ಕನ್ನಡವೇ ಬರುವುದು. ಒಂದು ಪದ ತಂದರೆ ಅದರಿಂದ ಕ್ರಿಯಾಪದ ಮಾಡಿ ನೋಡಿ. ಎರಡು ಕಣ ತಳಕಾದವು, ಅಳೆದ ಕೂಡಲೇ ತಳಕು ಕಳಚಿತು, ತಳಕಿಲ್ಲದ ಜೋಡಿ. ಎಲ್ಲೂ ತಡೆಯಲ್ಲ. ‘ಎಂಟ್ಯಾಂಗಲ್’ ಜೊತೆ ಇದನ್ನೇ ಮಾಡಿ, ಮೂರನೇ ವಾಕ್ಯಕ್ಕೆ ನಿಲ್ಲುತ್ತೀರಿ.

ಇನ್ನು ದಾರದ ಮಾತು. ‘ಆ ವಿಷಯಕ್ಕೂ ಇದಕ್ಕೂ ತಳಕು ಹಾಕಬೇಡ’ ಅಂತೀವಲ್ಲ, ಅಲ್ಲಿ ಯಾವ ದಾರ ಇದೆ?
(ವಿರಾಜಪೇಟೆ)

ನಿಮ್ಮ ಕೊನೆಯ ಮಾತು ನನ್ನನ್ನು ಒಪ್ಪಿಸಿತು ಸರ್. ಹೆಣಿಗೆ ಬಿಟ್ಟೆ. ಬುಟ್ಟಿಯ ಉದಾಹರಣೆ ನಮ್ಮ ಪಾಠಕ್ಕೂ ಸರಿ ಹೊಂದುತ್ತದೆ. ಸಿಂಗ್ಲೆಟ್ ಅನ್ನುವ ತಳಕಾದ ಜೋಡಿಯಲ್ಲಿ ಒಟ್ಟು ಸ್ಪಿನ್ (ಕಣದ ಒಂದು ಸಹಜ ಗುಣ) ಸೊನ್ನೆ ಅನ್ನುವುದು ಖಚಿತ. ಆದರೆ ಒಂದನ್ನೇ ತೆಗೆದುಕೊಂಡು ಡೆನ್ಸಿಟಿ ಮ್ಯಾಟ್ರಿಕ್ಸ್ (ಕಣದ ಸ್ಥಿತಿ ಹೇಳುವ ಲೆಕ್ಕದ ಕೋಷ್ಟಕ) ಬರೆದರೆ ಸ್ಪಿನ್ ಮೇಲಕ್ಕಿರಲು ಅರ್ಧ, ಕೆಳಕ್ಕಿರಲು ಅರ್ಧ, ಅಷ್ಟೇ. ಬಿಡಿ ಕಣಕ್ಕೆ ಅಂತ ಖಚಿತ ಸ್ಥಿತಿಯೇ ಇಲ್ಲ. ಮೊದಲ ಸಲ ಆ ಲೆಕ್ಕ ಮಾಡಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಮಕ್ಕಳಿಗೆ ಅಷ್ಟನ್ನು ಮುಟ್ಟಿಸಬೇಕು ಅಂತಲೇ ಪದಕ್ಕೆ ಇಷ್ಟು ಒದ್ದಾಡಿದ್ದು.

ಸೋಮವಾರಪೇಟೆಯ ಅಣ್ಣನ ಮಾತೂ ಬಿಡಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಂಟ್ಯಾಂಗಲ್‌ಮೆಂಟ್’ ಇದೆ. ಫ್ಲೆಕ್ಸ್‌ಗೆ ಕಳಿಸಿದ್ದು ಇದು:

ಕ್ವಾಂಟಂ ತಳಕು. ಜೋಡಿಗೆ ಒಂದೇ ಸ್ಥಿತಿ. ನಡುವೆ ದಾರ ಇಲ್ಲ.
(ಮಡಿಕೇರಿ)