ಸಹಾಯ ಬೇಕು: ಪಿಕಪ್‌ನಲ್ಲಿ ಕಯಾಕ್ ಸಾಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ಪಿಕಪ್ ತಗೊಂಡೆ. ಮೀನು ಗಾಳ, ಟೆಂಟು, ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಎಲ್ಲಾ ಹಿಂದೆ ಎಸೆದು ಹೊರಡಬಹುದು ಅನ್ನೋ ಆಸೆ. ಆದರೆ ಕಯಾಕ್ 10 ಅಡಿ, ಹಿಂದಿನ ತೊಟ್ಟಿ ಬರೀ 5 ಅಡಿ! ಅರ್ಧ ಹೊರಗೇ ನೇತಾಡುತ್ತದೆ. ತುದಿಗೆ ಹೆಂಡತಿಯ ಹಳೇ ಕೆಂಪು ದುಪಟ್ಟಾ ಕಟ್ಟಿ ಓಡಿಸುತ್ತಿದ್ದೇನೆ.

ಬೆಂಗಳೂರಿನಿಂದ ಗೊರೂರು ಹಿನ್ನೀರಿಗೆ ಹೋಗಿಬರಲು ಸುಮಾರು 400 ಕಿ.ಮೀ. ಲೀಟರಿಗೆ 11 ಕಿ.ಮೀ. ಕೊಟ್ಟರೂ 36 ಲೀಟರ್ ಡೀಸೆಲ್, ಟೋಲ್ ಬೇರೆ. ಸಿಕ್ಕಿದ್ದು ಎರಡು ಜಿಲೇಬಿ ಮೀನು. ಮನೆಯಲ್ಲಿ ಲೆಕ್ಕ ಕೇಳುತ್ತಾರೆ, ಸುಮ್ನೆ ನಗುತ್ತೇನೆ.

ಮೇಲೆ ರ‍್ಯಾಕ್ ಹಾಕಿಸಿದವರು ಇದ್ದೀರಾ? ಎಷ್ಟಾಯಿತು? ಅದರಿಂದ ಮೈಲೇಜ್ ತುಂಬಾ ಕಡಿಮೆಯಾಗುತ್ತಾ? ಹೀಗೆ ಹೊರಗೆ ಚಾಚಿದ್ದಕ್ಕೆ ಯಾರಿಗಾದರೂ ಪೊಲೀಸರು ದಂಡ ಹಾಕಿದ್ದಾರಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಭಾನುವಾರ ಮತ್ತೆ ಹೊರಡಬೇಕು.