ಸಹಾಯ ಬೇಕು: ಸಾಲಿಡಿಟಿಯಲ್ಲಿ ಸರದಿ ಕೆಡದಂತೆ ಲಾಟ್ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೋಲಾರದ ಟೊಮೆಟೊ ಮಂಡಿಗೆ ಬರುವ ಲಾಟ್‌ಗಳನ್ನು ದಾಖಲಿಸುವ ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಇದು, ಇಥೀರಿಯಂನ ಸಾಲಿಡಿಟಿ ಭಾಷೆಯಲ್ಲಿ ಬರೆದದ್ದು. ಲಾಟ್ ನಂಬರ್ ಕೊಟ್ಟರೆ ರೈತರ ವಿಳಾಸ, 15 ಕೆಜಿ ಬಾಕ್ಸ್ ಎಷ್ಟು, ದರ ಎಷ್ಟು ಎಂದು ಸಿಗಬೇಕು. ಅದಕ್ಕೆ ಮ್ಯಾಪಿಂಗ್ (ನಂಬರ್ ಕೊಟ್ಟರೆ ಅದರ ವಿವರ ನೇರವಾಗಿ ಕೊಡುವ ಕೋಷ್ಟಕ) ಸಾಕು; ಲಾಟ್ ನೂರಿದ್ದರೂ ಹತ್ತು ಸಾವಿರವಿದ್ದರೂ ಹುಡುಕುವ ಖರ್ಚು ಅಷ್ಟೇ. ಇಲ್ಲದ ನಂಬರಿಗೂ ಸೊನ್ನೆಯೇ ಬರುವುದರಿಂದ ಲಾಟಿನ ವಿವರಗಳನ್ನು ಒಟ್ಟಿಗಿಡುವ ಸ್ಟ್ರಕ್ಟ್‌ನಲ್ಲಿ ಸ್ಥಿತಿ 0 ಅಂದರೆ ‘ಲಾಟ್ ಇಲ್ಲ’ ಎಂದಿಟ್ಟಿದ್ದೇವೆ.

ತೊಡಕಿರುವುದು ಇನ್ನೂ ಮಾರಾಟವಾಗದ ಲಾಟ್‌ಗಳ ಪಟ್ಟಿಯಲ್ಲಿ. ಮ್ಯಾಪಿಂಗ್ ಮೇಲೆ ಲೂಪ್ ಓಡಿಸಲಾಗದು. ಅರೇಯಲ್ಲಿ (ಸಾಲಾಗಿಟ್ಟ ಪಟ್ಟಿ) ಹುಡುಕಿದರೆ, ಆ ವಹಿವಾಟಿನಲ್ಲಿ ಮೊದಲ ಸಲ ಓದುವ ಪ್ರತಿ ಸ್ಲಾಟ್‌ಗೆ (256 ಬಿಟ್‌ನ ಸಂಗ್ರಹ ಖಾನೆ) 2,100 ಗ್ಯಾಸ್, ಅಂದರೆ ಪ್ರೋಗ್ರಾಂ ಓಡಿಸುವ ಶುಲ್ಕದ ಅಳತೆ. ಲಾಟಿಗೊಂದು ಸ್ಲಾಟ್ ಎಂದರೆ 500 ಲಾಟಿಗೆ ಹತ್ತು ಲಕ್ಷ ದಾಟುತ್ತದೆ. ಓಪನ್‌ಜೆಪ್ಪೆಲಿನ್ ಎಂಬ ಸಿದ್ಧ ಕೋಡ್ ಸಂಗ್ರಹದ ಎನ್ಯೂಮರಬಲ್‌ಸೆಟ್ (ಸೇರಿಸಿ ತೆಗೆಯಬಹುದಾದ ಪಟ್ಟಿ) ವೇಗವಾಗಿದೆ. ಆದರೆ ಒಂದನ್ನು ತೆಗೆದಾಗ ಕೊನೆಯದನ್ನು ಆ ಖಾಲಿ ಜಾಗಕ್ಕೆ ತಂದು ಕೂರಿಸುತ್ತದೆ. ತಡವಾಗಿ ಬಂದ ಲಾಟ್ ಮುಂದಕ್ಕೆ ಹೋಗುತ್ತದೆ, ಬೆಳಿಗ್ಗೆಯಿಂದ ಕಾದ ರೈತರಿಗೆ ಅನ್ಯಾಯ.

ಈಗ ಎರಡು ದಾರಿ ಕಾಣುತ್ತಿವೆ. ಒಂದು, ಹಿಂದಿನ ಮತ್ತು ಮುಂದಿನ ನಂಬರನ್ನು ಒಂದೇ ಸ್ಲಾಟ್‌ನಲ್ಲಿಟ್ಟ ಲಿಂಕ್ಡ್ ಲಿಸ್ಟ್. ಪ್ರತಿ ಲಾಟಿಗೂ ಹೊಸ ಸ್ಲಾಟ್ ಬರೆಯಲು 22,100 ಗ್ಯಾಸ್, ತೆಗೆಯುವಾಗ ಅಕ್ಕಪಕ್ಕದ ಎರಡನ್ನೂ ತಿದ್ದಬೇಕು. ಇನ್ನೊಂದು ಬಿಟ್‌ಮ್ಯಾಪ್ (ಪ್ರತಿ ಲಾಟಿಗೆ 0 ಅಥವಾ 1 ಎಂಬ ಒಂದು ಬಿಟ್), ಒಂದು ಸ್ಲಾಟ್‌ನಲ್ಲಿ 256 ಲಾಟ್, ಬಿಟ್ ತಿದ್ದಲು ಸಾಮಾನ್ಯವಾಗಿ 5,000 ಗ್ಯಾಸ್, ನಂಬರ್ ಕ್ರಮವಾಗಿದ್ದರೆ ಸರದಿಯೂ ಉಳಿಯುತ್ತದೆ. ನಮ್ಮ ಒಲವು ಇದರ ಕಡೆಗೇ.

ಪ್ರಶ್ನೆ: ದಿನಕ್ಕೊಂದು ಬಿಟ್‌ಮ್ಯಾಪ್ ಇಟ್ಟರೆ ಮಾರನೇ ದಿನಕ್ಕೆ ಉಳಿದ ಲಾಟ್‌ಗಳನ್ನು ಹೇಗೆ ಸಾಗಿಸುವುದು? ಹೊಸ ನಂಬರ್ ಕೊಡಬೇಕೆ, ಅಥವಾ ದಿನದ ಲೆಕ್ಕ ಬಿಟ್ಟು ಒಂದೇ ಕ್ರಮಸಂಖ್ಯೆ ಮುಂದುವರಿಸಬೇಕೆ? ಇಂಥದ್ದನ್ನು ಮಾಡಿದವರು ದಯವಿಟ್ಟು ಕೋಡ್ ತುಣುಕಿನ ಸಮೇತ ತಿಳಿಸಿ.