ಸಹಾಯ ಬೇಕು: ತಂಗಿಯ ಪಿಎಚ್‌ಡಿ ಅರ್ಜಿಗೆ ಸಿವಿ

ನಮಸ್ಕಾರ. ತಂಗಿ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಮುಗಿಸಿ ನೆಟ್ (ಯುಜಿಸಿ ಅರ್ಹತಾ ಪರೀಕ್ಷೆ) ಪಾಸಾಗಿದ್ದಾಳೆ. ಮಂಗಳೂರು, ಹಂಪಿ ಎರಡೂ ಕಡೆ ಪಿಎಚ್‌ಡಿಗೆ ಅರ್ಜಿ ಹಾಕುವ ಯೋಚನೆ.

ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಬಯೋಡೇಟಾದಲ್ಲಿ ಅಪ್ಪನ ಹೆಸರು, ಜಾತಿ, ಹವ್ಯಾಸ ಎಲ್ಲ ಮೇಲಿವೆ. ಮುಳ್ಳೇರಿಯ ಕಡೆಯ ಅಜ್ಜಿಯರಿಂದ ಪಾಡ್ದನ (ತುಳು ಜನಪದ ಕಥನಗೀತೆ) ರೆಕಾರ್ಡ್ ಮಾಡಿ ಬರೆದ ಪ್ರಬಂಧ ಮಾತ್ರ ಕೊನೆಯ ಸಾಲಿನಲ್ಲಿದೆ! ಅವಳ ನಿಜವಾದ ಕೆಲಸ ಅದೇ ಅಲ್ವಾ? ಎಂ.ಎ. ಸಾಲಿನ ಕೆಳಗೇ ಅದರ ಶೀರ್ಷಿಕೆ, ಗೈಡ್ ಹೆಸರು ಬರಬೇಕು ಅಂತ ನನ್ನ ಅನಿಸಿಕೆ. ತುಳು ಮಾತಾಡುತ್ತಾಳೆ, ಮಲಯಾಳಂ ಓದಿ ಬರೆಯುತ್ತಾಳೆ. ಕ್ಷೇತ್ರಕಾರ್ಯಕ್ಕೆ ಅದು ದೊಡ್ಡ ಬಲ, ಸುಮ್ನೆ ಬಿಡುವ ಹಾಗಿಲ್ಲ.

ಸೆಮಿನಾರಿನಲ್ಲಿ ಓದಿದ, ಇನ್ನೂ ಅಚ್ಚಾಗದ ಲೇಖನವನ್ನು ಪ್ರಕಟಣೆಗಳ ಜೊತೆ ಹಾಕಬಹುದಾ, ಬೇರೆ ತಲೆಬರಹ ಬೇಕಾ? ರೆಫರೀಗಳಾಗಿ (ಅವಳ ಬಗ್ಗೆ ಶಿಫಾರಸು ಹೇಳುವವರು) ಅವಳ ಕಾಲೇಜಿನ ಇಬ್ಬರೇ ಸಾಕಾ? ಪಿಎಚ್‌ಡಿ ಮಾಡುತ್ತಿರುವವರು ಯಾರಾದರೂ ತಮ್ಮ ಸಿವಿ ಕಳಿಸಿದರೆ ತುಂಬಾ ಉಪಕಾರವಾಗುತ್ತದೆ.